ಪಕ್ಕದ ಮಂಚದಲ್ಲಿ ನೊಜಾವಾ

ಇತ್ಸುರೊಗೆ ಹೊಟ್ಟೆಕಿಚ್ಚು ಹತ್ತಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಆ ಸಂಜೆ ತೊಮೊಕಿಯ ಮೊಣಕೈಗೆ ಅಂಟಿದ್ದ ಬಿಳಿ ಪಟ್ಟಿಯೊಂದೇ ಸಾಕಾಯಿತು. ಇತ್ಸುರೊ ತ್ಸುಬಾಮೆ ಊರಿನಲ್ಲಿ ಕ್ಷೌರದಂಗಡಿ ಇಟ್ಟವನು, ತೊಮೊಕಿ ಚಮಚದ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವವನು. ಇಬ್ಬರೂ ಎಷ್ಟೋ ವರ್ಷಗಳಿಂದ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದಾರೆ.

"ಏನದು ಕೈಗೆ?"

"ಕಾರ್ಖಾನೆಗೆ ರಕ್ತದಾನದ ಬಸ್ ಬಂದಿತ್ತು. ಎಲ್ರೂ ಕೊಟ್ರು, ನಾನೂ ಕೊಟ್ಟೆ. ನೋಡು, ನೂಡಲ್ಸ್ ಕೊಟ್ಟಿದಾರೆ."

"ಪಕ್ಕದ ಮಂಚದಲ್ಲಿ ಯಾರಿದ್ರು?"

ತೊಮೊಕಿ ತಡವರಿಸಿದ. "ನೊಜಾವಾ."

ಮತ್ತೆ ಅದೇ ಕಾರ್ಖಾನೆಯ ಜೊತೆಗಾರ ನೊಜಾವಾ! ನೊಜಾವಾ ಹಾಗಂದ, ನೊಜಾವಾ ನಗಿಸಿದ ಅಂತ ದಿನವೂ ಕೇಳಿ ಇತ್ಸುರೊನ ಕಿವಿ ತೂತು ಬಿದ್ದಿತ್ತು. "ಇಬ್ರೂ ಅಕ್ಕಪಕ್ಕ ಮಲಗಿ ರಕ್ತ ಕೊಟ್ರಾ? ಭಾಳ ಚೆನ್ನಾಗಿತ್ತೇನೋ!"

ಅದಕ್ಕಿಂತ ದೊಡ್ಡ ಉರಿ ಒಳಗಿತ್ತು. ಹೋದ ವರ್ಷ ಇತ್ಸುರೊನೂ ಅಂಥದೇ ಬಸ್ ಹತ್ತಿದ್ದ. ಕಳೆದ ಆರು ತಿಂಗಳಲ್ಲಿ ಗಂಡಸಿನ ಜೊತೆ ಸಂಬಂಧ ಆಗಿದೆಯಾ ಎಂದು ಕೇಳಿದ್ದಕ್ಕೆ ಹೌದು ಎಂದಿದ್ದ. ತಲೆಬಾಗಿ ನಮಸ್ಕರಿಸಿ ವಾಪಸ್ ಕಳಿಸಿದ್ದರು. ತನ್ನದು ಬೇಡವಾದ ಬಸ್ಸಿಗೆ ಇವನದು ಹೇಗೆ ಬೇಕಾಯಿತು?

"ಆ ಪ್ರಶ್ನೆಗೆ ನೀನೇನಂದೆ?"

"ಇಲ್ಲ ಅಂದೆ."

"ಹಾಗಾದ್ರೆ ನಾನ್ಯಾರು? ಈ ಮನೆ ಬಾಡಿಗೆಯವನಾ?"

"ಎಲ್ರೂ ಸಾಲಲ್ಲಿದ್ರು ಕಣೋ. ನಾನೊಬ್ಬ ಇಳಿದು ಬಂದ್ರೆ ಯಾಕೆ ಅಂತ ಕೇಳ್ತಿರ್ಲಿಲ್ವಾ?"

ಊಟಕ್ಕೆ ಬಂದಿದ್ದ ತೊಮೊಕಿಯ ಅಕ್ಕ ಚಿಸಾತೊ ಬಟ್ಟಲು ಕೆಳಗಿಟ್ಟಳು. ಅವಳು ನರ್ಸ್. "ಜಗಳ ಆಮೇಲೆ ಆಡಿ. ತೊಮೊಕಿ, ಬಸ್ಸಲ್ಲಿ ಕೊಟ್ಟ ಚೀಟೀಲಿ ನಂಬರ್ ಇದೆ. ಈಗ್ಲೇ ಫೋನ್ ಮಾಡಿ, ನನ್ನ ರಕ್ತ ಬಳಸಬೇಡಿ ಅನ್ನು."

"ನನಗೇನು ಕಾಯಿಲೆನಾ ಅಕ್ಕ? ನಾನು ಇವನನ್ನ ಬಿಟ್ಟು ಯಾರನ್ನೂ..."

"ನಂಗೊತ್ತು. ಆದ್ರೆ ಎಚ್‌ಐವಿಯಂಥ ಸೋಂಕು ಹೊಸದಾಗಿದ್ರೆ ಪರೀಕ್ಷೇಲೂ ಸಿಗದೆ ಹೋಗಬಹುದು, ಅದಕ್ಕೇ ಕೇಳೋದು. ಹೊಸ ಗಂಡಸಿನ ಸಂಗ ಮಾಡಿದ ಹೆಂಗಸೂ ಇಲ್ಲಿ ಆರು ತಿಂಗಳು ರಕ್ತ ಕೊಡೋ ಹಾಗಿಲ್ಲ."

"ನಾವು ಹೊಸಬರಾ?" ಇತ್ಸುರೊ ಕೆರಳಿದ. "ಆ ಹೆಂಗಸು ತನ್ನ ಗಂಡನ ಜೊತೆಗೇ ಇದ್ರೆ ಕೊಡಬಹುದು. ನಾವು ಎಷ್ಟು ವರ್ಷ ಜೊತೆಗಿದ್ರೂ ಬೇಡ್ವಾ?"

"ನಿನ್ನ ಸಿಟ್ಟು ನ್ಯಾಯವಾದದ್ದೇ. ಕೆಲವು ದೇಶಗಳಲ್ಲಿ ಗಂಡಸಾ ಹೆಂಗಸಾ ಅಂತ ನೋಡದೆ ಒಬ್ಬೊಬ್ಬರ ನಡತೆ ಕೇಳ್ತಾರೆ. ನಮ್ಮಲ್ಲೂ ಹಾಗೆ ಬದಲಾಗ್ಲಿ ಅಂತ ದನಿ ಎತ್ತು, ನಾನೂ ಬರ್ತೀನಿ. ಸುಳ್ಳು ಹೇಳಿದ್ರೆ ನಿಯಮ ಬದಲಾಗಲ್ಲ. ಮಂಚದ ಮೇಲಿರೋ ರೋಗಿ ನಂಬಿ ಕೈ ಚಾಚಿರ್ತಾನೆ."

ತೊಮೊಕಿ ಎದ್ದು ಹೋಗಿ ಫೋನ್ ಮಾಡಿದ. ಬಂದವನ ಮುಖ ಸಣ್ಣದಾಗಿತ್ತು. "ಹಾಗಾದ್ರೆ ನಮ್ಮಿಂದ ಯಾರಿಗೂ ಏನೂ ಉಪಯೋಗ ಇಲ್ವಾ ಅಕ್ಕ?"

"ಯಾಕಿಲ್ಲ? ನಿನ್ನ ಡ್ರೈವಿಂಗ್ ಲೈಸೆನ್ಸಿನ ಹಿಂದೆ ಅಂಗದಾನದ ಜಾಗ ಇದೆ ನೋಡು. ಅಂಗದಾನಕ್ಕೆ ಒಪ್ಪಿಗೆ ಬರೆಯೋಕೆ ಯಾರ ಜೊತೆ ಸಂಸಾರ ಅಂತ ಯಾರೂ ಕೇಳಲ್ಲ. ಸಮಯ ಬಂದಾಗ ಡಾಕ್ಟ್ರು ಪರೀಕ್ಷೆ ಮಾಡಿ ತೀರ್ಮಾನ ಮಾಡ್ತಾರೆ."

ತೊಮೊಕಿ ಅಲ್ಲೇ ಗುರುತು ಹಾಕಿ ಸಹಿ ಮಾಡಿದ. ಮನೆಯವರ ಸಹಿಗಿದ್ದ ಜಾಗದಲ್ಲಿ ಚಿಸಾತೊ ಹೆಸರು ಬರೆದಳು. ಅದನ್ನು ನೋಡಿ ಇತ್ಸುರೊನ ಹೊಟ್ಟೆ ಮತ್ತೆ ಉರಿಯಿತು. ಈ ಸಲ ಉರಿ ಅಕ್ಕನ ಮೇಲೆ.

"ನೊಜಾವಾಗೆ ಪಕ್ಕದ ಮಂಚ, ನಿಮಗೆ ಈ ಜಾಗ. ನನಗೆಲ್ಲಿದೆ ಅಕ್ಕ?"

ಚಿಸಾತೊ ಪೆನ್ನು ಮುಚ್ಚಿದಳು. "ನಿಮ್ಮಿಬ್ಬರದು ಮದುವೆ ಅಂತ ಕಾನೂನು ಒಪ್ಪಿಲ್ಲ, ಅದಕ್ಕೇ ತೊಮೊಕಿ ಹೋದ ದಿನ ಅಂಗ ತಗೋಬಹುದಾ ಅಂತ ಆಸ್ಪತ್ರೆಯವರು ನನ್ನನ್ನ ಕೇಳ್ತಾರೆ. ನಾನು ನಿನ್ನನ್ನ ಕೇಳ್ತೀನಿ. ನೀನು ಏನು ಹೇಳ್ತೀಯೋ ಅದನ್ನೇ ಅವರಿಗೆ ಹೇಳ್ತೀನಿ."

ಇತ್ಸುರೊ ಎದ್ದು ಒಲೆ ಹಚ್ಚಿದ. ನೂಡಲ್ಸ್‌ಗೆ ಬಿಸಿನೀರು ಹಾಕಿ ಮೊದಲ ಬಟ್ಟಲನ್ನು ಅಕ್ಕನ ಮುಂದಿಟ್ಟ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿನ ನಿಯಮ ಬೇರೆ ಇದ್ದೀತು. ಮೊದಲು ಕೇಳಿ ತಿಳಿದುಕೊಳ್ಳಿ. ರಕ್ತ ಕೊಡುವಾಗ ನಿಜ ಹೇಳಿ. ಸೋಂಕಿನ ಅನುಮಾನವಿದ್ದರೆ ರಕ್ತದಾನಕ್ಕಲ್ಲ, ಪರೀಕ್ಷಾ ಕೇಂದ್ರಕ್ಕೆ ಹೋಗಿ. ಅಂಗದಾನದ ಆಸೆಯಿದ್ದರೆ ಮನೆಯವರಿಗೆ ಇವತ್ತೇ ಹೇಳಿ. ನಿಮ್ಮ ಜೊತೆ ಬಾಳುತ್ತಿರುವವರು ಯಾರು ಎಂಬುದನ್ನೂ ಅವರಿಗೆ ಹೇಳಿ. ಆ ದಿನ ಅವರನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ.