ಎಸರಿನ ಗೀರು

ನಾನು ಒಂದು ಬೋಗಾಣಿ. ನಮ್ಮ ಕಡೆ ನನ್ನಂಥವರಿಗೆ ಜರ್ಮನ್ ಬೋಗಾಣಿ ಎನ್ನುತ್ತಾರೆ. ಹೆಸರು ಕೇಳಿ ಹಡಗು ಹತ್ತಿ ಬಂದವನು ಎಂದುಕೊಳ್ಳಬೇಡಿ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಯೂಮಿನಿಯಂ ಹಾಳೆಯನ್ನು ದುಂಡಗೆ ಕತ್ತರಿಸಿ, ಯಂತ್ರಕ್ಕೆ ಕೊಟ್ಟು ಗರಗರ ತಿರುಗಿಸಿ, ಅಂಚು ಮಡಚಿ, ಎರಡು ಕಿವಿ ಬಡಿದು ಹೊರಗೆ ಬಿಸಿಲಿಗಿಟ್ಟರು. ಆಗ ನನ್ನ ಹೊಟ್ಟೆಯೊಳಗೆ ಒಬ್ಬ ದೊಡ್ಡ ಮನುಷ್ಯ ಕುಕ್ಕರಗಾಲಲ್ಲಿ ಕೂರಬಹುದಿತ್ತು. ಭಾಂಡಿ ಅಂಗಡಿಯ ಮೂಲೆಯಲ್ಲಿ ಕೂತು, ನನ್ನನ್ನು ಯಾವ ಮದುವೆಗೆ ಒಯ್ಯುತ್ತಾರೋ, ಎಂಥ ಎಂಥ ಪಾಯಸ ಕುದಿಸುತ್ತಾರೋ ಎಂದು ಕನಸು ಕಾಣುತ್ತಿದ್ದೆ.

ಬಂದವನು ಮಾನಪ್ಪ. ಚಿಕ್ಕಹೊನ್ನಿಹಾಳ ಗ್ರಾಮ ಪಂಚಾಯಿತಿಯ ಸದಸ್ಯ. ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಆಗತಾನೆ ಶುರುವಾಗಿತ್ತು. ಶಾಲೆಗೆ ಅಕ್ಕಿ ಬಂದಿತ್ತು, ಬೇಯಿಸಲು ತಕ್ಕ ಪಾತ್ರೆ ಇರಲಿಲ್ಲ. ಪಂಚಾಯಿತಿಯಿಂದ ನಾವೇ ಕೊಡಿಸೋಣ ಎಂದು ಅವನು ಸಭೆಯಲ್ಲಿ ಹಟ ಹಿಡಿದಿದ್ದನಂತೆ. ನನ್ನನ್ನು ಬೆರಳಿನಿಂದ ಬಡಿದು, ಕಿವಿ ಹಿಡಿದು ಎತ್ತಿ, ಬುಡ ಮೇಲು ಮಾಡಿ, ಕೊನೆಗೆ ತಲೆ ಆಡಿಸಿದ. ಅಂಗಡಿಯವನು ಸೂಜಿಯಂಥ ಯಂತ್ರ ಹಿಡಿದು ನನ್ನ ಕಂಠದ ಮೇಲೆ ಪಂಚಾಯಿತಿಯ ಹೆಸರು, ಶಾಲೆಯ ಹೆಸರು ಕೊರೆದ. ಕಚಗುಳಿಯಾಯಿತು. ಪಾಯಸದ ಕನಸು ಅಲ್ಲಿಗೆ ಮುಗಿಯಿತು, ಆದರೆ ಹೆಸರಿದ್ದವನಾದೆ ಎಂಬ ಗರ್ವ ಇತ್ತು.

ಶಾಲೆಯಲ್ಲಿ ನನ್ನ ಯಜಮಾನತಿ ನಿಂಬೆವ್ವ. ಗಟ್ಟಿ ದನಿ, ಗಟ್ಟಿ ಕೈ, ಹಣೆಯ ಮೇಲೆ ಎಂಟಾಣೆ ಅಗಲದ ಕುಂಕುಮ. ಅಕ್ಷರ ಬಾರದು. ಮೊದಲ ದಿನ ಮುಖ್ಯೋಪಾಧ್ಯಾಯಿನಿ ಶಂಶಾದ್ ಅಕ್ಕೋರು ಒಂದು ಕಾಗದ ಹಿಡಿದು, ಎಂಬತ್ನಾಲ್ಕು ಮಕ್ಕಳು, ತಲೆಗೆ ಇಷ್ಟು ಅಕ್ಕಿ, ಇಷ್ಟು ಅಕ್ಕಿಗೆ ಇಷ್ಟು ನೀರು ಎಂದು ವಿವರಿಸಿದರು. ನಿಂಬೆವ್ವ ಕಿವಿಗೊಟ್ಟು ಕೇಳಿ, ಕಾಗದವನ್ನು ಮಡಚಿ ಒಲೆಗೆ ಹಾಕಿದಳು. ಕೊಡದಿಂದ ನೀರು ಸುರಿದು, ಕೈಯಿಂದ ಅಳೆದು, ಎಸರು ನಿಂತ ಮಟ್ಟಕ್ಕೆ ಒಂದು ಮೊಳೆಯಿಂದ ನನ್ನ ಒಳಮೈಗೆ ಸರಕ್ಕನೆ ಗೀರು ಎಳೆದಳು.

ಉರಿಯಿತು. ಮನಸ್ಸಿನಲ್ಲೇ ಬೈದುಕೊಂಡೆ. ಮರುದಿನ ಆ ಗೀರಿಗೆ ಸರಿಯಾಗಿ ನೀರು ಬಂದು ನಿಂತಾಗ, ಅನ್ನ ಒಂದು ಅಗುಳೂ ಹೆಚ್ಚುಕಮ್ಮಿ ಇಲ್ಲದೆ ಎಂಬತ್ನಾಲ್ಕು ತಾಟಿಗೆ ಆದಾಗ, ಬೈದದ್ದನ್ನು ವಾಪಸು ತೆಗೆದುಕೊಂಡೆ. ಆಮೇಲೆ ಪ್ರತಿ ಜೂನ್ ತಿಂಗಳಲ್ಲೂ ಅದೇ ಪದ್ಧತಿ. ಅಕ್ಕೋರು ಹೊಸ ಸಂಖ್ಯೆ ಹೇಳಬೇಕು, ನಿಂಬೆವ್ವ ಹೊಸ ಗೀರು ಎಳೆಯಬೇಕು. ಕೆಲವು ವರ್ಷ ಗೀರುಗಳು ಒಂದರ ಮೇಲೊಂದು ಬಿದ್ದವು, ಕೆಲವು ವರ್ಷ ಎರಡು ಬೆರಳು ಮೇಲೇರಿದವು. ಊರ ಹೊರಗಿನ ಲಂಬಾಣಿ ತಾಂಡಾದ ಮಕ್ಕಳು ಬರತೊಡಗಿದ ಮೇಲೆ ನನ್ನ ಹೊಟ್ಟೆ ಮುಕ್ಕಾಲು ಪಾಲು ತುಂಬುತ್ತಿತ್ತು.

ತಾಂಡಾದ ಮಕ್ಕಳು ರಸ್ತೆಯಿಂದ ಬರುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ಸಾಲಾಗಿ ನಡೆದು, ಶಾಲೆಯ ಹಿಂದಿನ ಮುಳ್ಳುಬೇಲಿಯ ಸಂದಿಯಲ್ಲಿ ನುಸುಳಿ, ಅಡುಗೆಕೋಣೆಯ ಪಕ್ಕಕ್ಕೇ ಇಳಿಯುತ್ತಿದ್ದರು. ಅವರಲ್ಲಿ ಒಬ್ಬಳು ಸೋನಾ. ಅವಳ ಅಪ್ಪ ಠಾಕ್ರಪ್ಪ, ಅವ್ವ ಲಾಲಿಬಾಯಿ ಇಬ್ಬರೂ ಬೆಳಕು ಹರಿಯುವ ಮೊದಲೇ ಕಲ್ಲಿನ ಗಣಿಗೆ ಕೂಲಿಗೆ ಹೋಗುವವರು. ಹೀಗಾಗಿ ಶಾಲೆಯ ಊಟವೇ ಅವಳಿಗೆ ದಿನದ ಮೊದಲ ಊಟ. ಮನೆಯಿಂದ ತಂದ ಸ್ಟೀಲಿನ ತಾಟು ಚೀಲದಲ್ಲಿ ಸದ್ದು ಮಾಡುತ್ತಿತ್ತು. ಸದ್ದು ಕೇಳಿದರೆ ಸಾಕು, ಬಂದಳು ಎಂದು ನನಗೆ ತಿಳಿಯುತ್ತಿತ್ತು. ಎಲ್ಲರ ಊಟ ಆದ ಮೇಲೆ ನನ್ನ ತಳಕ್ಕೆ ಹತ್ತಿದ ಕೆಂಪು ಅನ್ನ ಕೆರೆದು ತಿನ್ನಲು ಅರ್ಧ ಮೈ ನನ್ನೊಳಗೆ ಇಳಿಸುತ್ತಿದ್ದಳು.

ಒಂದು ದಿನ ಹಾಗೇ ಇಳಿದವಳು ಒಳಗಿನಿಂದಲೇ ನಿಂಬೆವ್ವನನ್ನು ಕೇಳಿದಳು: "ಆಯಿ, ಇವೆಲ್ಲಾ ಏನ ಗೀರು?"

"ಎಸರಿನವು. ಎಷ್ಟ ಮಕ್ಕಳು ಅದಾವು ಅನ್ನೂದರ ಗುರುತು."

"ಇದರಾಗ ನಂದ್ ಯಾವ್ದು?"

"ಎಲ್ಲಾರದೂ ಕೂಡಿ ಒಂದ ಗೀರು, ಯವ್ವಾ."

"ಅಂದ್ರ ನಂದೂ ಐತಿ," ಎಂದಳು. ಒಳಗೆ ಅವಳ ದನಿ ಗುಂಯ್ ಎಂದಿತು. ನನಗೆ ಆ ಹುಡುಗಿಯನ್ನು ಕಂಡರೆ ಬಲು ಪ್ರೀತಿ. ಯಾಕೆ ಮುಚ್ಚಿಡಲಿ?

ಆ ವರ್ಷದ ಕಾರ್ತಿಕದಲ್ಲಿ ಕೆಟ್ಟದ್ದೊಂದು ನಡೆಯಿತು. ನಿಂಬೆವ್ವ ನೀರು ತರಲು ನಳಕ್ಕೆ ಹೋಗಿದ್ದಳು, ನನ್ನ ಮುಚ್ಚಳ ಸರಿದಿತ್ತು. ಬೇಲಿಯ ಸಂದಿಯಿಂದ ಒಂದು ನಾಯಿ ಬಂದು ನೇರ ನನಗೇ ಬಾಯಿ ಹಾಕಿತು. ಕೂಗಲು ನನಗೆ ಬಾಯಿ ಇದ್ದರೂ ನಾಲಿಗೆ ಇಲ್ಲ. ಅಷ್ಟೂ ಅನ್ನವನ್ನು ತಿಪ್ಪೆಗೆ ಸುರಿದರು. ಸೋನಾ ತಾಟು ಹಿಡಿದು ಬಾಗಿಲಲ್ಲಿ ನಿಂತು, "ಆಯಿ, ಇವತ್ತ ಅನ್ನ ಇಲ್ಲೇನು?" ಎಂದಳು. ನಿಂಬೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಶಾಲೆಯ ಅಂಗಳದಲ್ಲೇ ಗ್ರಾಮಸಭೆ. ಆ ಹೊತ್ತಿಗೆ ಮಾನಪ್ಪ ಅಧ್ಯಕ್ಷನಾಗಿದ್ದ. ಚರಂಡಿ, ನಳ, ಬೀದಿ ದೀಪ ಎಂದು ಗಂಡಸರು ಒದರಾಡುತ್ತಿದ್ದರು. ಎಂದೂ ಸಭೆಯಲ್ಲಿ ಬಾಯಿ ಬಿಡದ ನಿಂಬೆವ್ವ ಎದ್ದು ನಿಂತಳು.

"ಮದ್ಲ ನಮ್ಮ ಸಾಲಿಗೆ ಒಂದ್ ಗ್ವಾಡಿ ಕಟ್ರಿ. ನಾಯಿ ಬಾಯಿ ಹಾಕಿದ್ದನ್ನ ಹುಡುಗರಿಗೆ ಹ್ಯಾಂಗ್ ಬಡಸ್ಲಿ? ತಾಂಡಾದ ಆ ಕೂಸು ಅವತ್ತ ಉಪಾಸ ಹೋತು. ನಂಗ ನಿದ್ದಿ ಬರವಲ್ದು."

ಮಾನಪ್ಪ ಮಾತು ಕೊಟ್ಟ. ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಹಿಡಿದರು. ಊರಿನವರೂ ತಾಂಡಾದವರೂ ಕೂಡಿ ಕಲ್ಲು ಹೊತ್ತರು, ಠಾಕ್ರಪ್ಪನೂ ಬಂದ. ಗೋಡೆ ಹಿಂಬದಿಗೆ ಬಂದಾಗ ಮೇಸ್ತ್ರಿ ಕೈ ತಡೆದು, "ಇಲ್ಲೊಂದ್ ಸಣ್ಣ ಗೇಟ್ ಬಿಡೂಣೇನ್ರಿ?" ಎಂದು ಕೇಳಿದ.

ಮಾನಪ್ಪ ಅಡುಗೆಕೋಣೆಯ ಕಡೆ ತಿರುಗಿದ. "ಏನಂತೀ ನಿಂಬೆವ್ವಾ? ದಿನಾ ಇಲ್ಲಿ ಇರಾಕಿ ನೀನ. ನೀ ಹೇಳಿದಂಗ."

"ಬ್ಯಾಡ್ರೀ. ಮತ್ತ ನಾಯಿಗೆ ದಾರಿ ಮಾಡಿ ಕೊಟ್ಟಂಗ ಆಕ್ಕೈತಿ. ಹುಡುಗರು ನಾಕ್ ಹೆಜ್ಜಿ ಸುತ್ತ ಹಾಕಿ ಮುಂದಿಂದ ಬಂದ್ರ ಕಾಲೇನ್ ಸವೀತಾವು?"

ಎಲ್ಲರೂ ನಕ್ಕರು. ನಾನೂ ಒಳಗೊಳಗೆ ನಕ್ಕೆ. ಸಂದಿಯಲ್ಲಿ ಕಲ್ಲು ಕೂತಿತು. ಮುಂದೆ ದೊಡ್ಡ ಕಬ್ಬಿಣದ ಗೇಟು, ಮೇಲೆ ಕಮಾನು, ಅದಕ್ಕೆ ಹಳದಿ ಬಣ್ಣ. ಗೋಡೆ ನೋಡಿ ಊರಿನವರಿಗೆ ಹೆಮ್ಮೆ ಬಂತು. ಪಟ್ಟಣದ ಶಾಲೆಗೆ ಮಕ್ಕಳನ್ನು ಕಳಿಸಬೇಕೆಂದಿದ್ದ ನಾಲ್ಕಾರು ಮನೆಯವರು ಇಲ್ಲೇ ಹೆಸರು ಹಚ್ಚಿಸಿದರು. ಆ ಜೂನ್ ತಿಂಗಳಲ್ಲಿ ಅಕ್ಕೋರು ಹೇಳಿದ ಸಂಖ್ಯೆ ನೂರಾ ಮೂವತ್ತೆರಡು. ನಿಂಬೆವ್ವ ಎಳೆದ ಗೀರು ಎಲ್ಲಕ್ಕಿಂತ ಮೇಲಿನದು, ನನ್ನ ಕಂಠಕ್ಕೆ ನಾಲ್ಕು ಬೆರಳು ಕೆಳಗೆ.

ಮುಂದಿನ ಗೇಟಿರುವುದು ಡಾಂಬರು ರಸ್ತೆಗೆ. ಆ ರಸ್ತೆಯಲ್ಲಿ ದಿನವೆಲ್ಲ ಗಣಿಯ ಕಲ್ಲಿನ ಲಾರಿಗಳು. ಅದನ್ನು ಯಾರೂ ಕಾಣದವರಲ್ಲ. ಎಲ್ಲರೂ ಕಂಡಿದ್ದರು.

ಶ್ರಾವಣದ ಒಂದು ಶನಿವಾರ. ಶನಿವಾರ ಬೆಳಗಿನ ಶಾಲೆ, ಹಾಗಾಗಿ ನಿಂಬೆವ್ವ ಬೇಗ ಬಂದು ಮೇಲಿನ ಗೀರಿಗೆ ಸರಿಯಾಗಿ ಎಸರಿಟ್ಟಿದ್ದಳು. ಪ್ರಾರ್ಥನೆಯ ಗಂಟೆ ಆಯಿತು. ತಡವಾದ ಮಕ್ಕಳು ರಸ್ತೆಯಲ್ಲಿ ಓಡುವ ಸದ್ದು, ಅದರ ನಡುವೆ ಆ ತಾಟಿನ ಸದ್ದು. ಆಮೇಲೆ ಲಾರಿಯ ಚಕ್ರ ನೆಲಕ್ಕೆ ಉಜ್ಜಿದ ಸದ್ದು. ಜನ ಕೂಗಿದರು. ನಿಂಬೆವ್ವ ಸೌಟು ಕೈಬಿಟ್ಟು ಓಡಿದಳು.

ನಾನು ಒಲೆಯ ಮೇಲೆಯೇ ಇದ್ದೆ. ಎಸರು ಕುದಿಯಿತು. ಅಕ್ಕಿ ಹಾಕಲು ಯಾರೂ ಬರಲಿಲ್ಲ. ನೀರು ಆ ಮೇಲಿನ ಗೀರು ಬಿಟ್ಟು ಇಳಿಯಿತು, ಅದರ ಕೆಳಗಿನದನ್ನು ಬಿಟ್ಟಿತು, ಒಂದೊಂದೇ ವರ್ಷ ದಾಟಿ ಮೊದಲನೆಯ ಗೀರಿಗಿಂತ ಕೆಳಗೆ ಹೋಯಿತು. ಕೊನೆಗೆ ಬೆಂಕಿ ತಾನೇ ಆರಿತು. ಸೋನಾ ಉಳಿಯಲಿಲ್ಲ.

ಹತ್ತು ದಿನದೊಳಗೆ ಪಂಚಾಯಿತಿಯವರು ಗೋಡೆ ಒಡೆದು ಹಿಂದೊಂದು ಗೇಟು ಇಟ್ಟರು. ಮಾನಪ್ಪ ತಾನೇ ನಿಂತು ಮಾಡಿಸಿದ, ಯಾರ ಮುಖವನ್ನೂ ನೋಡಲಿಲ್ಲ. ಆ ಗೇಟಿನಿಂದ ಒಂದು ಮಗುವೂ ಬರಲಿಲ್ಲ. ತಾಂಡಾದವರು ಮಕ್ಕಳನ್ನು ಬಿಡಿಸಿದರು. ಕೆಲವರು ಆಚೆ ಊರಿನ ಶಾಲೆಗೆ ಹೋದರು, ಹೆಚ್ಚಿನವರು ಅಪ್ಪ ಅವ್ವನ ಬೆನ್ನು ಹತ್ತಿ ಕಬ್ಬು ಕಡಿಯಲು ಹೋದರು. ನಿಂಬೆವ್ವ ಮಾತ್ರ ಹದಿನೈದು ದಿನ ಮೇಲಿನ ಗೀರಿಗೇ ಎಸರಿಟ್ಟಳು. ಅನ್ನ ರಾಶಿ ಉಳಿಯುತ್ತಿತ್ತು. ಬಡಿಸುವಾಗ ಹಿಂದಿನ ಗೇಟಿನ ಕಡೆ ನೋಡುತ್ತಿದ್ದಳು. ಶಂಶಾದ್ ಅಕ್ಕೋರು ಬಂದು ಹೆಗಲ ಮೇಲೆ ಕೈ ಇಟ್ಟು, "ಸಾಕ್ರೀ ನಿಂಬೆವ್ವ," ಎಂದರು. ಮರುದಿನದಿಂದ ಹಳೆಯ ಗೀರೊಂದಕ್ಕೆ ಇಳಿದಳು. ಆ ಶಾಲೆಯಲ್ಲಿ ಹೊಸ ಗೀರು ಮತ್ತೆ ಎಳೆಯಲೇ ಇಲ್ಲ.

ಮಕ್ಕಳು ಕಡಿಮೆಯಾದರೆಂದು ಒಬ್ಬ ಮಾಸ್ತರರನ್ನು ಹೆಚ್ಚುವರಿ ಎಂದು ಬೇರೆಡೆ ಕಳಿಸಿದರು. ಮಾಸ್ತರರು ಕಡಿಮೆಯಾದರೆಂದು ಇನ್ನಷ್ಟು ಮಕ್ಕಳು ಹೋದರು. ಪಟ್ಟಣದ ಶಾಲೆಯ ವ್ಯಾನು ಊರೊಳಗೆ ಬರತೊಡಗಿತು. ನಾಲ್ಕು ವರ್ಷಕ್ಕೆ ಒಂಬತ್ತೇ ಮಕ್ಕಳು ಉಳಿದರು. ಒಂಬತ್ತು ಮಕ್ಕಳ ಅನ್ನ ನನ್ನಲ್ಲಿ ಬರಿಯ ಸೀದು ಹೋಗುತ್ತದೆ. ನಿಂಬೆವ್ವ ಮನೆಯಿಂದ ಕುಕ್ಕರ್ ತಂದಳು, ನನ್ನನ್ನು ಮೂಲೆಯಲ್ಲಿ ಬೋರಲು ಹಾಕಿದಳು. ಮರುವರ್ಷ ಶಾಲೆಗೆ ಬೀಗ ಬಿತ್ತು. ಕಂಠದ ಮೇಲೆ ಹೆಸರು ಇತ್ತಲ್ಲ, ಆ ಹೆಸರಿನ ದೆಸೆಯಿಂದ ನಾನು ಪಂಚಾಯಿತಿಯ ಉಗ್ರಾಣ ಸೇರಿದೆ. ಹಳೆಯ ಮತಪೆಟ್ಟಿಗೆ, ಮುರಿದ ಬೀದಿ ದೀಪ, ಬ್ಲೀಚಿಂಗ್ ಪೌಡರಿನ ಚೀಲಗಳ ನಡುವೆ ಮೂರು ವರ್ಷ ಕತ್ತಲಲ್ಲಿ ಕಳೆದೆ. ಮಕ್ಕಳ ಸದ್ದಿಗಾಗಿ ಕಿವಿ ಹಾತೊರೆಯುತ್ತಿತ್ತು. ನನಗಿರುವುದು ಎರಡೇ ಕಿವಿ, ಎರಡೂ ಧೂಳು ತುಂಬಿಕೊಂಡಿದ್ದವು.

ಒಂದು ಬೆಳಿಗ್ಗೆ ಬಾಗಿಲು ತೆರೆದವನು ಠಾಕ್ರಪ್ಪ. ತಲೆ ಹಣ್ಣಾಗಿತ್ತು. ಆ ಸಾವಿನ ನಂತರ ಅವನು ಗಣಿ ಬಿಟ್ಟು, ತಾಂಡಾದಿಂದ ಪಂಚಾಯಿತಿಗೆ ಆರಿಸಿ ಬಂದಿದ್ದನಂತೆ. ತಾಂಡಾದ ಮಕ್ಕಳು ರಸ್ತೆ ದಾಟಬಾರದು, ಶಾಲೆಯೇ ತಾಂಡಾಕ್ಕೆ ಬರಬೇಕು ಎಂದು ಸಭೆಯ ಮೇಲೆ ಸಭೆ ಬಡಿದಾಡಿದ್ದ. ಕೊನೆಗೆ ಪಂಚಾಯಿತಿ ಅಲ್ಲಿನ ಸಮುದಾಯ ಭವನ ಬಿಟ್ಟುಕೊಟ್ಟಿತು. ಶಾಲೆ, ಅಂಗನವಾಡಿ ಎರಡೂ ಅದರಲ್ಲೇ, ಕೂಡಿ ನಲವತ್ತೊಂದು ಮಕ್ಕಳು. ಅಡುಗೆ ಕೆಲಸ ಲಾಲಿಬಾಯಿಗೆ. ಅವನು ನನ್ನನ್ನು ಟಂಟಂ ಆಟೋದಲ್ಲಿ ಹೇರಿ, ಹೆಂಡತಿಯನ್ನೂ ಕೂರಿಸಿಕೊಂಡು, ನೇರ ನಿಂಬೆವ್ವನ ಮನೆಯ ಮುಂದೆ ನಿಲ್ಲಿಸಿದ.

ಅವಳು ಬಹಳ ಸಣ್ಣಗಾಗಿದ್ದಳು. ಅವರಿಬ್ಬರನ್ನೂ ನೋಡಿದವಳೇ ಕಟ್ಟೆ ಹಿಡಿದು ನಿಂತಳು.

"ಯವ್ವಾ, ನಮ್ಮ ತಾಂಡಾದಾಗ ಸಾಲಿ ಸುರು ಆಗೇತಿ. ಈಕಿಗೆ ಎಸರ ಎಷ್ಟ ಇಡಬೇಕು ಗೊತ್ತಾಗವಲ್ದು. ಒಂದೀಟು ತೋರಸ್ ಬಾ."

"ನಾ ಯಾವ ಮುಖಾ ಇಟ್ಕೊಂಡು ನಿಮ್ಮ ತಾಂಡಾಕ್ಕ ಬರ್ಲಿ, ಠಾಕ್ರಪ್ಪಾ? ಅವತ್ತ ಹಿಂದಿನ ಗೇಟ್ ಬ್ಯಾಡ ಅಂದಾಕಿ ನಾನ. ನಾಕ್ ಹೆಜ್ಜಿ ಅಂದ್ನಿ. ನಿಮಗ ಹೇಳಬೇಕಂತ ಮೂರ ಸಲ ಬಂದು ತಾಂಡಾದ ಬೇವಿನ ಗಿಡದಿಂದ ಹೊಳ್ಳಿ ಹೋಗೇನಿ."

ಠಾಕ್ರಪ್ಪ ನನ್ನ ಅಂಚು ಹಿಡಿದುಕೊಂಡ.

"ನೀ ಅಂದದ್ದು ನಾ ಕೇಳೇನವ್ವಾ. ಅಲ್ಲೇ ಇದ್ನಿ. ಆ ಸಂದ್ಯಾಗ ಕಲ್ಲ ಇಟ್ಟಾಂವ ನಾನ. ನನ್ನ ಮಗಳು ದಿನಾ ಬರೂ ದಾರಿ ಅದು ಅಂತ ನನಗರ ಹೊಳೀಬೇಕಿತ್ತಲ್ಲ? ನಾನೂ ನಕ್ಕೆ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಲಾಲಿಬಾಯಿ ಮುಂದೆ ಬಂದು ನನ್ನೊಳಗೆ ಬಗ್ಗಿದಳು. ಬೆರಳಿನಿಂದ ಗೀರುಗಳನ್ನು ಒಂದೊಂದಾಗಿ ಮುಟ್ಟಿದಳು.

"ಸೋನಾ ಹೇಳತಿದ್ಲು, ಬೋಗಾಣ್ಯಾಗ ನಂದೂ ಒಂದ್ ಗೀರು ಐತಿ ಅಂತ," ಎಂದಳು. "ಯಾವ್ದದು?"

ನಿಂಬೆವ್ವ ಬಂದು ಮೇಲಿನ ಗೀರು ತೋರಿಸಿದಳು. ತೋರಿಸಿದ ಕೈ ಅಲ್ಲೇ ಉಳಿಯಿತು. ಲಾಲಿಬಾಯಿ ಅದರ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಹೆಂಗಸರು ನನ್ನ ಅಂಚಿಗೆ ಹಣೆ ಹಚ್ಚಿ ಅತ್ತರು. ಎಷ್ಟೋ ವರ್ಷಗಳ ಮೇಲೆ ನನ್ನೊಳಗೆ ನೀರು ಬಿದ್ದದ್ದು ಹಾಗೆ.

ಆ ದಿನವೇ ನಿಂಬೆವ್ವ ತಾಂಡಾಕ್ಕೆ ಬಂದು ನಲವತ್ತೊಂದು ಮಕ್ಕಳಿಗೆ ಹೊಸ ಗೀರು ಎಳೆದಳು. ಎಲ್ಲಕ್ಕಿಂತ ಕೆಳಗಿನದು. ಮುಂದಿನ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ಈಗ ನಾನೂ ಮುದುಕ. ತಳ ತೆಳುವಾಗಿದೆ, ಒಂದು ಕಿವಿ ಅಲುಗಾಡುತ್ತದೆ. ಇನ್ನೊಂದೆರಡು ವರ್ಷ ಬೆಂಕಿ ತಡೆದೇನು, ಆಮೇಲೆ ಗುಜರಿ. ಅಲ್ಲಿ ನನ್ನನ್ನು ಕರಗಿಸಿ ಮತ್ತೇನಾದರೂ ಮಾಡುತ್ತಾರಂತೆ. ಮಾಡಲಿ. ನೂರಾ ಮೂವತ್ತೆರಡು ಮಕ್ಕಳಿಗೆ ಒಮ್ಮೆಲೇ ಅನ್ನ ಕೊಟ್ಟವನು ನಾನು. ಒಂದು ಶನಿವಾರ ಅಷ್ಟೂ ಮಕ್ಕಳ ಎಸರು ಹೊತ್ತು ಸುಮ್ಮನೆ ಕೂತವನೂ ನಾನೇ.

ಮಕ್ಕಳ ಊಟವಾದ ಮೇಲೆ ಲಾಲಿಬಾಯಿ ದಿನಾಲೂ ನನ್ನನ್ನು ಬೇವಿನ ಗಿಡದ ಕೆಳಗೆ ಹಾಕಿ, ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಾಳೆ. ಒಳಗೂ ಹೊರಗೂ ಬೆಳ್ಳಗೆ ಮಾಡುತ್ತಾಳೆ. ಆ ಮೇಲಿನ ಗೀರಿನ ಹತ್ತಿರ ಬಂದಾಗ ಮಾತ್ರ ಅವಳ ಕೈ ನಿಲ್ಲುತ್ತದೆ. ಅಲ್ಲಿ ಪುಡಿ ಹಾಕುವುದಿಲ್ಲ, ಬರಿಯ ಬೆರಳಿನಿಂದ ಒರೆಸಿ ಬಿಡುತ್ತಾಳೆ. ಅಷ್ಟು ಜಾಗ ಕಪ್ಪಾಗಿಯೇ ಉಳಿದಿದೆ.