ಮೀನಿಗೆ ದಾರಿ ತಪ್ಪಿಸಿದ್ದು ಯಾರು?

ಪೆಸಿಫಿಕ್ ಕಡಲಂಚಿನ ಕ್ಲಾಟ್ಸಿ ಹೊಳೆಗೆ ಈ ವರ್ಷ ಸಾಲ್ಮನ್ ಮೀನೇ ಬರಲಿಲ್ಲ. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹುಟ್ಟಿದ ಹೊಳೆಗೇ ಬರುವ ಮೀನು ಅದು. ಊರವರೆಲ್ಲ ಸೇರಿ ಅದಕ್ಕೊಂದು ಕಾರಣವನ್ನೂ ಹುಡುಕಿಬಿಟ್ಟರು: ಡೆಲ್ಫೀನ್!

ಡೆಲ್ಫೀನ್ ಅಂದರೆ ಅದೇ ಊರಿನ ವರ್ನಾಳ ಸೊಸೆ, ಪಟ್ಟಣದ ಹುಡುಗಿ. ಹೋದ ವರ್ಷ, ಮೊದಲ ಮೀನು ಬಂದಾಗ ಊರೆಲ್ಲ ಸೇರಿ ಮಾಡುವ ಊಟದ ದಿನ, ಮೀನನ್ನು ಉದ್ದಕ್ಕೆ ಸೀಳುವ ಬದಲು ಗಡಿಬಿಡಿಯಲ್ಲಿ ಅಡ್ಡಡ್ಡ ಕತ್ತರಿಸಿದ್ದಳು. ಹಾಗೆ ಮಾಡಿದರೆ ಮೀನಿಗೆ ಅವಮಾನ, ಮತ್ತೆ ಆ ಹೊಳೆಯತ್ತ ತಿರುಗಿಯೂ ನೋಡುವುದಿಲ್ಲ ಅನ್ನುವುದು ಹಿರಿಯರ ಮಾತು.

ಮೀನೇ ಬಾರದ್ದರಿಂದ ಈ ಸಲ ಆ ಊಟಕ್ಕೆ ಮೀನು ಕೊಟ್ಟಿದ್ದು ಹೊಳೆಯಲ್ಲ, ಮೇಲಿನ ಬೆಟ್ಟದ ತಾಮ್ರದ ಗಣಿಯವರು. ಎಲ್ಲೋ ಸಾಕಿದ ಮೀನು, ಐಸ್ ಪೆಟ್ಟಿಗೆ ತುಂಬಾ.

"ಎಷ್ಟು ಒಳ್ಳೇ ಜನ ನೋಡು," ಅಂದ ಮಾವ ಫ್ಲಾಯ್ಡ್.

"ಡೆಲ್ಫೀನ್, ನೀನು ಇವತ್ತು ಊಟಕ್ಕೆ ಬರಬೇಡಮ್ಮ," ಅಂದಳು ವರ್ನಾ. "ಜನ ಬಾಯಿಗೆ ಬಂದಂಗೆ ಆಡ್ಕೋತಾರೆ."

"ಪಾತ್ರೆ ತೊಳೆಯೋಕಾದ್ರೂ ಬರ್ಲಾ ಅತ್ತೆ? ಅದಕ್ಕೂ ನನ್ನ ಕಾಲ್ಗುಣ ಅಡ್ಡ ಬರುತ್ತಾ?"

ವರ್ನಾ ಮುಖ ತಿರುಗಿಸಿಕೊಂಡಳು. ಡೆಲ್ಫೀನ್ ಹೊಳೆದಂಡೆಗೆ ಹೋಗಿ ಕೂತು ಅತ್ತಳು. ಅಲ್ಲಿ ಗೆಳತಿ ರೋಸಲೀ ಸಿಕ್ಕಿದಳು. ಊರ ಪರವಾಗಿ ಹೊಳೆಯ ನೀರು, ಮೀನು ನೋಡಿಕೊಳ್ಳುವ ಕೆಲಸ ಅವಳದು.

"ಅಳೋದು ಆಮೇಲೆ ಅಳುವೆಯಂತೆ, ಈ ಬಕೆಟ್ ಹಿಡ್ಕೊಳೇ," ಅಂದಳು ರೋಸಲೀ.

ಇಬ್ಬರೂ ಎರಡು ಬಕೆಟ್ ನೀರು ತಂದು ಅಡುಗೆಮನೆಯಲ್ಲಿ ಅತ್ತೆ ಮಾವನ ಮುಂದೆ ಇಟ್ಟರು. ಒಂದು, ಗಣಿಯಿಂದ ಬರುವ ತೊರೆ ಹೊಳೆಗೆ ಸೇರುವ ಜಾಗಕ್ಕಿಂತ ಮೇಲಿನದು. ಇನ್ನೊಂದು, ಆ ಜಾಗಕ್ಕಿಂತ ಕೆಳಗಿನದು. ಎರಡರಲ್ಲೂ ಆಯಾ ಜಾಗದಲ್ಲೇ ಬೆಳೆದ ಸಾಲ್ಮನ್ ಮರಿಗಳು, ಹೋದ ವರ್ಷ ಬಂದ ಮೀನಿನವು.

ಫ್ಲಾಯ್ಡ್ ಬಗ್ಗಿ ನೋಡಿದ. "ಎರಡೂ ಕನ್ನಡಿ ಥರ ಇದೆಯಲ್ಲೇ! ಇದೇ ನೀರು ಕುಡಿದು ಬೆಳೆದಿರೋದು ನಾನು. ಹೇಗಿದೀನಿ ನೋಡು, ಗುಂಡ್ಕಲ್ಲು!"

"ನಿಮಗೇನು ಮಾಮ, ಮನೆಗೆ ಬರೋಕೆ ರಸ್ತೆ ಇದೆ. ಮೀನಿಗೆ ಮೂಗೇ ರಸ್ತೆ," ಅಂದಳು ರೋಸಲೀ.

ರೋಸಲೀ ಮೀನಿನ ಚರ್ಮ ಜಜ್ಜಿ, ಅದರ ರಸವನ್ನು ಎರಡೂ ಬಕೆಟ್‌ಗೆ ಬಿಟ್ಟಳು. "ಮರಿಗಳಿಗೆ ಇದು ಸಾವಿನ ವಾಸನೆ. ನೋಡ್ತಿರಿ."

ಮೊದಲ ಬಕೆಟ್‌ನ ಮರಿಗಳು ಸರ್ರನೆ ತಳಕ್ಕಿಳಿದು ಅಲ್ಲಾಡದೆ ನಿಂತವು. ಎರಡನೆಯದರಲ್ಲಿದ್ದವು ತಮಗೇನೂ ಸಂಬಂಧವಿಲ್ಲದಂತೆ ಈಜುತ್ತಲೇ ಇದ್ದವು.

"ಯಾಕೆ, ಇವಕ್ಕೆ ಭಯ ಇಲ್ವಾ?" ಅಂದಳು ವರ್ನಾ.

"ಮೂಗಿಲ್ಲ ಅಮ್ಮ. ಗಣಿ ನೀರಲ್ಲಿ ತಾಮ್ರ ಕರಗಿರುತ್ತೆ, ಕಣ್ಣಿಗೆ ಕಾಣಲ್ಲ. ಚೂರೇ ಚೂರು ಸಾಕು, ಮರಿಗೆ ವಾಸನೆ ಸತ್ತೋಗುತ್ತೆ. ತಿನ್ನೋಕೆ ಬಂದೋರು ಗೊತ್ತಾಗಲ್ಲ. ಹೆಂಗೋ ಬದುಕಿ ಸಮುದ್ರ ಸೇರಿದ್ರೂ, ಹುಟ್ಟಿದ ಹೊಳೆ ವಾಸನೆ ಹಿಡಿದೇ ವಾಪಸ್ ಬರ್ಬೇಕಲ್ಲ?"

"ಆದ್ರೂ ಇವಳು ಅಡ್ಡ ಕತ್ತರಿಸಿದ್ದು..."

"ಈ ವರ್ಷ ಬರಬೇಕಿದ್ದ ಮೀನು ಎರಡು ಮೂರು ವರ್ಷದ ಹಿಂದೆ ಮರಿಯಾಗಿ ಸಮುದ್ರಕ್ಕೆ ಹೋದಾಗ ನಿಮ್ಮ ಸೊಸೆ ಈ ಊರನ್ನೇ ನೋಡಿರ್ಲಿಲ್ಲ ಅಮ್ಮ. ಗಣಿ ಮಾತ್ರ ಆಗ ತಾನೇ ಶುರುವಾಗಿತ್ತು."

ವರ್ನಾ ಎರಡನೆಯ ಬಕೆಟ್‌ನತ್ತ ಬಗ್ಗಿ ಮರಿಗಳನ್ನು ಮತ್ತೆ ನೋಡಿದಳು.

"ಗಣಿಯವ್ರ ಮನೆ ಹಾಳಾಗ!" ಅಂದ ಫ್ಲಾಯ್ಡ್.

"ನಿಮ್ಮ ದೋಣಿ ತಳಕ್ಕೆ ಬಳಿಯೋ ಕೆಂಪು ಬಣ್ಣದಲ್ಲೂ ತಾಮ್ರಾನೇ ಇರೋದು ಮಾಮ. ಹಳೇದನ್ನ ಕೆರೆದು ಎಲ್ಲಿ ಬೀಳಿಸ್ತೀರಾ?"

ಫ್ಲಾಯ್ಡ್ ತನ್ನ ಉಗುರಿನ ಸಂದಿಯ ಕೆಂಪು ಬಣ್ಣ ನೋಡಿಕೊಂಡ.

"ತಪ್ಪಾಯ್ತು ಕಣೇ," ಅಂದಳು ವರ್ನಾ ಮೆಲ್ಲಗೆ.

"ಅಡುಗೆಮನೆಯಲ್ಲಿ ಬೇಡ ಅತ್ತೆ," ಅಂದಳು ಡೆಲ್ಫೀನ್. "ನನ್ನ ಹೆಸರು ಕೆಟ್ಟಿದ್ದು ಊರ ಮುಂದೆ. ಇದನ್ನೂ ಅಲ್ಲೇ ಹೇಳಿ."

ಸಂಜೆ ಊಟಕ್ಕೆ ಸೇರಿದ ಎಲ್ಲರ ಎದುರು ವರ್ನಾ ಎದ್ದು ನಿಂತು ತಪ್ಪೊಪ್ಪಿಕೊಂಡಳು, ಎರಡು ಬಕೆಟ್‌ನಲ್ಲಿ ಕಂಡದ್ದನ್ನೂ ಹೇಳಿದಳು. ಗಣಿಯ ನೀರು ಪರೀಕ್ಷೆಯಾಗಬೇಕು, ಶುದ್ಧ ಮಾಡದೆ ಹೊಳೆಗೆ ಬಿಡಕೂಡದು ಎಂದು ಊರು ಒಟ್ಟಾಗಿ ಪಟ್ಟು ಹಿಡಿಯಿತು. ಆದರೆ ಮೀನು ಬರಲಿಲ್ಲ. ಮುಂದಿನ ವರ್ಷ ಬರುತ್ತದೆ ಎಂದು ರೋಸಲೀ ಕೂಡ ಮಾತು ಕೊಡಲಿಲ್ಲ. ಕೆಟ್ಟ ಹೊಳೆ ಒಂದು ಸಭೆಗೆ ಸರಿಹೋಗುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹೊಳೆಯಲ್ಲಿ ಸಾಲ್ಮನ್ ಇಲ್ಲದಿರಬಹುದು. ಕಾರ್ಖಾನೆಯ ಕೊಳವೆ ಇರಬಹುದು. ನೀರು ತಿಳಿಯಾಗಿದೆ ಎಂದು ನಂಬಿ ಕೂರಬೇಡಿ, ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಯನ್ನು ಕೇಳಿ, ಬಿಡದೆ ಕೇಳಿ. ದೋಣಿಯ ಬಣ್ಣ ಕೆರೆಯುವಾಗ ಕೆಳಗೆ ಟಾರ್ಪಾಲು ಹಾಸಿ. ಗಾಡಿಯ ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಮತ್ತೆ, ಮೀನು ಬರದ ವರ್ಷ ಮನೆಯ ಹೆಣ್ಣುಮಗಳತ್ತ ಬೆರಳು ತೋರಿಸುವ ಮೊದಲು, ದಯವಿಟ್ಟು ಒಂದು ಸಲ ಹೊಳೆಯ ಮೇಲ್ಗಡೆಗೆ ನಡೆದುಹೋಗಿ ನೋಡಿ.