ಸೇತುವೆಯ ಕಂಬಿ ಕತ್ತರಿಸಿದ ದಿನ

ಗಡಿ ಸೇತುವೆಗೆ ಅಡ್ಡ ಹಾಕಿದ್ದ ಆ ಕಂಬಿ ಕತ್ತರಿಸುವ ಕೆಲಸ ನನಗೇ ಸಿಕ್ಕಿತೆಂದು ತಿಳಿದಾಗ ಅಂಗಡಿಯಲ್ಲೇ ಕುಣಿದುಬಿಟ್ಟೆ. ನಾನು ವೆಲ್ಡರ್. ಶಾಲೆ ಅರ್ಧಕ್ಕೇ ಬಿಟ್ಟವನು, ಮಹಾ ಸಿಟ್ಟಿನವನು ಅಂತ ಊರೆಲ್ಲ ಹೆಸರು. ಸಿಟ್ಟು ಬರದೆ ಇನ್ನೇನು? ಹೊಳೆಯ ಈಚೆ ಒಂದು ದೇಶ, ಆಚೆ ಒಂದು. ಎರಡೂ ಒಂದೇ ಒಕ್ಕೂಟ ಎಂದು ನಾನು ಹುಟ್ಟುವ ಮೊದಲೇ ಸಹಿ ಬಿದ್ದಿತ್ತು. ಮೊದಲು ಕಬ್ಬಿಣ, ಕಲ್ಲಿದ್ದಲು ದಾಟಿದವು. ಆಮೇಲೆ ಕೂಲಿಯವರನ್ನು ಬಿಟ್ಟರು. ಸುಮ್ಮನೆ ಮಗಳ ಮನೆಗೆ ಹೋಗುವವನಿಗೆ ಮಾತ್ರ ನೂರೆಂಟು ಪ್ರಶ್ನೆ. ಕಲ್ಲಿದ್ದಲಿಗಿದ್ದ ಮರ್ಯಾದೆ ಮನುಷ್ಯನಿಗಿಲ್ಲ!

ಲಾರಿ ಬಂದರೆ ಕಂಬಿ ಮೇಲೇಳುತ್ತಿತ್ತು. ನಡೆದು ಹೋಗುವವರು ಅದರಡಿ ಬಗ್ಗಿ ನುಸುಳಬೇಕು. ಅಪ್ಪ ಗಾರೆ ಕೆಲಸಕ್ಕೆಂದು ವರ್ಷಗಟ್ಟಲೆ ಹಾಗೇ ನುಸುಳಿದವರು. ಅಕ್ಕ ಆಚೆಯವನನ್ನು ಮದುವೆಯಾದ ದಿನ ಬಗ್ಗಿದಾಗ ಅಪ್ಪನ ಹೊಸ ಟೋಪಿ ಮಣ್ಣಿಗೆ ಬಿತ್ತು, ಕಾವಲಿನವ ನಕ್ಕ. "ಇನ್ನು ಇಲ್ಲಿ ತಲೆ ಬಗ್ಗಿಸಿದ್ರೆ ಕೇಳು" ಎಂದು ಅರ್ಧ ದಾರಿಯಿಂದಲೇ ಹಿಂತಿರುಗಿದರು. ಮೊಮ್ಮಗಳು ಹುಟ್ಟಿ, ನಡೆಯಲೂ ಕಲಿತಳು. ಅಪ್ಪ ಅವಳ ಮುಖ ನೋಡಿರಲಿಲ್ಲ.

ಈಗ ಹೊಸ ಒಪ್ಪಂದವಾಗಿ ನಾವೆಲ್ಲ ಒಕ್ಕೂಟದ ಪ್ರಜೆಗಳು, ಯಾರು ಬೇಕಾದರೂ ದಾಟಬಹುದು. ನಮ್ಮ ದೇಶ ನಮಗೆ ಇದ್ದೇ ಇದೆ, ಅದರ ಮೇಲೆ ಇದು. ಅಕ್ಕ ಇನ್ನು ಅಲ್ಲಿನ ಪುರಸಭೆಗೆ ಓಟನ್ನೂ ಹಾಕಬಹುದು.

ಕಿಡಿ ಹಾರಿತು. ಕಂಬಿ ದಢಾರೆಂದು ಬಿತ್ತು. ಜನ ಹೋ ಎಂದು ನುಗ್ಗಿದರು. ಕಂಬಿಯಿದ್ದ ಜಾಗಕ್ಕೆ ಬಂದು, ಒಬ್ಬೊಬ್ಬರೇ, ಬಗ್ಗಿದರು!

"ಏನ್ರೋ, ಗಾಳಿಗೆ ನಮಸ್ಕಾರ ಹಾಕ್ತೀರಾ?" ಎಂದು ಕೂಗಿದೆ.

"ಸೊಂಟಕ್ಕೆ ಇನ್ನೂ ಆರ್ಡರ್ ಬಂದಿಲ್ಲ ಕಣೋ!" ಎಂದಳು ಹಾಲಿನವಳು. ನಕ್ಕೂ ನಕ್ಕೂ ನೆಲಕ್ಕೆ ಕೂತೆ.

ಅಪ್ಪ ಬಂದರು. ತಲೆಯ ಮೇಲೆ ಅದೇ ಟೋಪಿ. "ಸರಿಯೋ ಆಚೆ. ಹೆಂಗೆ ಹೋಗ್ತೀನಿ ನೋಡು." ಆಚೆ ತುದಿಯಲ್ಲಿ ಅಕ್ಕ, ಅವಳ ಬೆರಳು ಹಿಡಿದ ಮಗು. ಅಪ್ಪ ಎದೆಯುಬ್ಬಿಸಿ ನಡೆದರು, ಆ ಜಾಗ ತಲುಪಿದರು, ಬಗ್ಗಿಬಿಟ್ಟರು. ಟೋಪಿ ಬಿತ್ತು.

ಕಾವಲಿನವ ನಗು ತಡೆಯಲು ತುಟಿ ಕಚ್ಚಿಕೊಂಡ. ಮುಗೀತು, ಅಪ್ಪ ಇನ್ನು ಈ ಜನ್ಮದಲ್ಲಿ ಇಲ್ಲಿಗೆ ಬರಲ್ಲ ಎಂದುಕೊಂಡೆ.

ಮಗು ಅಕ್ಕನ ಬೆರಳು ಬಿಟ್ಟು ತಪ್ಪುಹೆಜ್ಜೆ ಇಡುತ್ತಾ ಓಡಿಬಂತು. ಟೋಪಿ ಎತ್ತಿ ತನ್ನ ತಲೆಗೇ ಹಾಕಿಕೊಂಡಿತು. ಮೂಗಿನವರೆಗೂ ಮುಚ್ಚಿಹೋಯಿತು. ಬಗ್ಗಿದ್ದ ಅಪ್ಪ ಬಗ್ಗಿದ ಹಾಗೇ ಅವಳನ್ನು ಬಾಚಿಕೊಂಡರು.

"ಏನ್ರೀ ನೋಡ್ತೀರಾ? ಮಗೂನ ಎತ್ಕೊಳ್ಳೋಕೆ ಬಗ್ಗದೆ ಇನ್ನೇನು ಮಾಡ್ಲಿ?"

"ಹೌದಪ್ಪಾ, ಅದಕ್ಕೇ ಬಗ್ಗಿದ್ದು" ಎಂದಳು ಅಕ್ಕ, ಅಳುತ್ತಾ ನಗುತ್ತಾ. "ಮನೆಗೆ ನಡಿ."

ಕಂಬಿಯ ತುಂಡನ್ನು ಹೆಗಲಿಗೇರಿಸಿ ನಾನೂ ಹಿಂದೆ ಓಡಿದೆ. ಆ ಜಾಗ ಬಂತು.

ಥೂ! ನನ್ನ ಸೊಂಟಕ್ಕೂ ಆರ್ಡರ್ ಬಂದಿರಲಿಲ್ಲ.